ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಆಮ್ಲಜನಕ: ಡ್ರಿಪ್ ಸೆಟ್ ಜೋಡಿಸಿದ ಪ್ರಯೋಗಾಲಯದ ಜನಕ

ಪ್ರೌಢಶಾಲೆ, ಪಿಯುಸಿ ಪ್ರಯೋಗಾಲಯಗಳಿಗಾಗಿ ಮಾಡಿದ ಜೋಡಣೆ ಇದು. 250 ಮಿ.ಲೀ. ಫ್ಲಾಸ್ಕಿನಲ್ಲಿ ನೀರು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ, ಮೇಲಿನಿಂದ, ಆಸ್ಪತ್ರೆಯಲ್ಲಿ ಸಲೈನ್ ಹಾಕುವಂಥ ಡ್ರಿಪ್ ಸೆಟ್ಟಿನ ಮೂಲಕ, 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹನಿಹನಿಯಾಗಿ ಬೀಳುತ್ತದೆ, ಹೊರಬಂದ ಆಮ್ಲಜನಕ ತನ್ನ ಜೊತೆಯ ತುಂತುರನ್ನು ನೀರಿನಲ್ಲಿ ಹಿಡಿದಿಡುವ ತೊಳೆಯುವ ಬಾಟಲಿ ದಾಟಿ ನೀರಿನ ಮೇಲೆ ಕವುಚಿಟ್ಟ ಜಾಡಿ ಸೇರುತ್ತದೆ. ಮೆಡಿಕಲ್ ಸ್ಟೋರಿನ 100 ಮಿ.ಲೀ. ಬಾಟಲಿ ಒಂದರಿಂದ 250 ಮಿ.ಲೀ.ನ ಆರು ಜಾಡಿ ಖಾತ್ರಿಯಾಗಿ ತುಂಬುತ್ತವೆ.

ಇಡೀ ಜೋಡಣೆ ನಿಂತಿರುವುದು ಒಂದೇ ನಿಯಮದ ಮೇಲೆ. ಕ್ರಿಯಾವರ್ಧಕ, ಅಂದರೆ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಬೇಗ ಒಡೆಯಿಸುವ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಕೆಳಗಿರಬೇಕು, ಪೆರಾಕ್ಸೈಡ್ ಮೇಲಿನಿಂದ ಹನಿಯಾಗಿ ಬರಬೇಕು. ಪೆರಾಕ್ಸೈಡ್ ತುಂಬಿದ ಫ್ಲಾಸ್ಕಿಗೆ ಕಪ್ಪು ಪುಡಿ ಸುರಿದರೆ ಆ ಕ್ಷಣದಿಂದ ಕ್ರಿಯೆ ನಿಮ್ಮ ಕೈಯಲ್ಲಿರುವುದಿಲ್ಲ. ಹನಿ ಬೀಳಿಸುವ ಕ್ರಮದಲ್ಲಿ ಫ್ಲಾಸ್ಕಿನೊಳಗೆ ಒಡೆಯದೆ ಉಳಿದ ಪೆರಾಕ್ಸೈಡ್ ಯಾವಾಗಲೂ ತೀರ ಕಡಿಮೆ ಇರುತ್ತದೆ. ಡ್ರಿಪ್ ಕೊಳವೆಯನ್ನು ಅದುಮುವ ಕ್ಲಾಂಪ್ ಮುಚ್ಚಿದರೆ ಒಂದೆರಡು ನಿಮಿಷದಲ್ಲಿ ಅನಿಲ ನಿಲ್ಲುತ್ತದೆ.

ಶಾಖದ ಲೆಕ್ಕ ನೋಡಿದರೆ ಈ ನಿಯಮದ ತೂಕ ಗೊತ್ತಾಗುತ್ತದೆ. ಒಂದು ಮೋಲ್, ಅಂದರೆ 34 ಗ್ರಾಂ ಹೈಡ್ರೋಜನ್ ಪೆರಾಕ್ಸೈಡ್ ಒಡೆದಾಗ ಸುಮಾರು 98 ಕಿಲೋಜೂಲ್ ಶಾಖ ಹೊರಬರುತ್ತದೆ. 3 ಶೇಕಡಾ ದ್ರಾವಣ ಒಮ್ಮೆಲೇ ಒಡೆದರೆ ಅದರ ಉಷ್ಣತೆ ಸುಮಾರು 20 ಡಿಗ್ರಿ ಏರುತ್ತದೆ. 6 ಶೇಕಡಾ ಆದರೆ 40 ಡಿಗ್ರಿ: ಕೋಣೆಯ 28ರಿಂದ 68ಕ್ಕೆ ಹೋಗಿ ಫ್ಲಾಸ್ಕಿನ ಬಾಯಿಂದ ಬಿಳಿ ಆವಿ ಏಳುತ್ತದೆ, ಬಿರಡೆ ಸಡಿಲವಿದ್ದರೆ ಹಾರುತ್ತದೆ. 30 ಶೇಕಡಾ ದ್ರಾವಣದ ಒಂದು ಲೀಟರಿನಲ್ಲಿ ಅಡಗಿರುವ ಶಾಖ ಆ ದ್ರಾವಣವನ್ನು ಕುದಿಯುವ ಮಟ್ಟಕ್ಕೇರಿಸಿ, ಮೇಲೆ ಕಾಲು ಲೀಟರಿನಷ್ಟು ನೀರನ್ನು ಆವಿ ಮಾಡುವಷ್ಟಿದೆ. ಹಾಗಾಗಿ 30 ಶೇಕಡಾದ ಬಾಟಲಿ ಈ ಮೇಜಿನ ಹತ್ತಿರ ಬರಲೇಬಾರದು. ಅದು ಚರ್ಮಕ್ಕೆ ತಾಗಿದರೆ ಬಿಳಿ ಸುಟ್ಟಗಾಯ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. 6 ಶೇಕಡಾ ಬಳಸುವಾಗಲೂ ಕನ್ನಡಕ, ಕೈಗವಸು ಬೇಕು.

ಸಾಮಾನು

ಹೈಡ್ರೋಜನ್ ಪೆರಾಕ್ಸೈಡ್ ಕೊಳ್ಳುವಾಗ ಲೇಬಲ್ಲಿನಲ್ಲಿ ಐಪಿ (ಇಂಡಿಯನ್ ಫಾರ್ಮಕೋಪಿಯಾ), 6 ಶೇಕಡಾ, 20 ವಾಲ್ಯೂಮ್ ಎಂದಿರುವುದನ್ನು ನೋಡಿಕೊಳ್ಳಿ. 20 ವಾಲ್ಯೂಮ್ ಎಂದರೆ ಒಂದು ಮಿ.ಲೀ. ದ್ರಾವಣ, ಸೊನ್ನೆ ಡಿಗ್ರಿ ಮತ್ತು ಸಮುದ್ರಮಟ್ಟದ ಒತ್ತಡದಲ್ಲಿ, 20 ಮಿ.ಲೀ. ಆಮ್ಲಜನಕ ಕೊಡುತ್ತದೆ ಎಂದರ್ಥ. ನಮ್ಮ ಕೋಣೆಗಳಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿಯಲ್ಲಿ ನೀರಿನ ಮೇಲೆ ಹಿಡಿದರೆ, ಸೇರಿಕೊಳ್ಳುವ ನೀರಾವಿಯೂ ಸೇರಿ, ಮಿ.ಲೀ.ಗೆ ಸುಮಾರು 23 ಮಿ.ಲೀ. ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಅಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. 25 ಡಿಗ್ರಿಯಲ್ಲೂ ಅಲ್ಲಿ ಹತ್ತಿರ ಹತ್ತಿರ 25 ಮಿ.ಲೀ. ಸಿಗುತ್ತದೆ. ಮುಂದಿನ ಲೆಕ್ಕಗಳೆಲ್ಲ ಬೆಂಗಳೂರಿನ ಈ 25ರ ಮೇಲೆ. ಕರಾವಳಿಯವರು 23 ಹಿಡಿದುಕೊಳ್ಳಿ.

ಮ್ಯಾಂಗನೀಸ್ ಡೈಆಕ್ಸೈಡ್ 2 ಗ್ರಾಂ ಸಾಕು. ಪ್ರಯೋಗಾಲಯದ ನುಣ್ಣನೆ ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಡೂರಿನ ಕಡೆಯ ಮ್ಯಾಂಗನೀಸ್ ಅದಿರಿನ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮಾತು ಮುಂದಿದೆ. ಹಳೆಯ ಟಾರ್ಚ್ ಸೆಲ್ಲಿನ ಕಪ್ಪು ಹಿಟ್ಟಿನಲ್ಲೂ ಇದೇ ಇರುತ್ತದೆ, ಆದರೆ ಜೊತೆಗೆ ಇಂಗಾಲದ ಪುಡಿ, ಅಮೋನಿಯಂ ಕ್ಲೋರೈಡ್, ಸತುವಿನ ಲವಣಗಳೂ ಇರುತ್ತವೆ. ಬಿಸಿನೀರಿನಲ್ಲಿ ಕಲಸಿ, ಕೂರಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಹೀಗೆ ನಾಲ್ಕೈದು ಸಲ ತೊಳೆದರೆ ಲವಣ ಹೋಗುತ್ತದೆ, ಇಂಗಾಲ ಉಳಿಯುತ್ತದೆ. ತೆಳು ಪೆರಾಕ್ಸೈಡ್‌ಗೆ ಆ ಇಂಗಾಲದಿಂದ ತೊಂದರೆಯಿಲ್ಲ. ಬಿಚ್ಚುವುದಿದ್ದರೆ ಸತು-ಇಂಗಾಲದ ಸಾದಾ ಸೆಲ್ಲನ್ನು ಮಾತ್ರ ಬಿಚ್ಚಿ. ಆಲ್ಕಲೈನ್ ಸೆಲ್ಲಿನೊಳಗೆ ಸುಡುವ ಕ್ಷಾರ ಇದೆ. ಲಿಥಿಯಂ ಸೆಲ್ಲನ್ನಂತೂ ಮುಟ್ಟಲೇಬೇಡಿ.

ಉಳಿದವು: 250 ಮಿ.ಲೀ. ಕೋನಿಕಲ್ ಫ್ಲಾಸ್ಕ್, ಎರಡು ತೂತಿನ ರಬ್ಬರ್ ಬಿರಡೆ, ತೊಳೆಯುವ ಬಾಟಲಿಯಾಗಿ 100 ಮಿ.ಲೀ.ನ ಅಗಲ ಬಾಯಿಯ ಗಾಜಿನ ಬಾಟಲಿ, ಅದಕ್ಕೆ ಮೂರು ತೂತಿನ ಬಿರಡೆ, 6 ಮಿ.ಮೀ. ಗಾಜಿನ ಕೊಳವೆ, ಅದರ ಮೇಲೆ ಬಿಗಿಯಾಗಿ ಕೂರುವ 5 ಮಿ.ಮೀ. ಒಳವ್ಯಾಸದ ಸಿಲಿಕೋನ್ ಕೊಳವೆ ಒಂದು ಮೀಟರ್, ಹೊಸ ಡ್ರಿಪ್ ಸೆಟ್ ಒಂದು, 500 ಮಿ.ಲೀ.ನ ಖಾಲಿ ಪ್ಲಾಸ್ಟಿಕ್ ಸಲೈನ್ ಬಾಟಲಿ, ಸ್ಟ್ಯಾಂಡು, ನೀರಿನ ಟಬ್ಬು, ಜಾಡಿಗಳು. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಡ್ರಿಪ್ ಸೆಟ್ ತರಬೇಡಿ. ಅದು ವೈದ್ಯಕೀಯ ತ್ಯಾಜ್ಯ. ಹೊಸದು ಅಗ್ಗವಾಗಿಯೇ ಸಿಗುತ್ತದೆ.

ಹಿತ್ತಾಳೆಯ ನಲ್ಲಿ, ಅಕ್ವೇರಿಯಂ ಅಂಗಡಿಯ ಹಿತ್ತಾಳೆ ವಾಲ್ವು, ತಾಮ್ರದ ಕೊಳವೆ, ತುಕ್ಕು ಹಿಡಿದ ಕಬ್ಬಿಣ ಇವು ಪೆರಾಕ್ಸೈಡ್ ಹಾದುಹೋಗುವ ದಾರಿಯಲ್ಲಿ ಎಲ್ಲೂ ಇರಕೂಡದು. ಇವೆಲ್ಲ ತಾವೇ ಪೆರಾಕ್ಸೈಡನ್ನು ಒಡೆಯುತ್ತವೆ. ವಾಲ್ವಿನೊಳಗೇ ಗುಳ್ಳೆ ಹುಟ್ಟಿ ಹನಿ ತಡೆದು ತಡೆದು ಬೀಳುತ್ತದೆ.

ಡ್ರಿಪ್ ಸೆಟ್ಟೇ ಯಾಕೆ

ಪುಸ್ತಕದ ಚಿತ್ರಗಳಲ್ಲಿ ಇಲ್ಲಿ ಉದ್ದ ಕಾಲಿನ ಆಲಿಕೆ ಇರುತ್ತದೆ. ಅದರಲ್ಲಿ ನಲ್ಲಿ ಇಲ್ಲದ ಕಾರಣ ಎಷ್ಟು ಸುರಿದರೋ ಅಷ್ಟೂ ಕೆಳಗಿಳಿಯುತ್ತದೆ. ನಲ್ಲಿಯಿರುವ ಆಲಿಕೆ ಒಳ್ಳೆಯದೇ, ಆದರೆ ದುಬಾರಿ, ಮತ್ತು ಗಾಜಿನ ನಲ್ಲಿ ಕೂದಲೆಳೆಯಷ್ಟು ತಿರುಗಿದರೂ ಹನಿಯ ವೇಗ ಎರಡು ಪಟ್ಟಾಗುತ್ತದೆ. ಡ್ರಿಪ್ ಸೆಟ್ಟಿನಲ್ಲಿ ಉರುಳುವ ಕ್ಲಾಂಪ್ ಇದೆ, ಹನಿ ಎಣಿಸಲು ಪಾರದರ್ಶಕ ಕೋಶ ಇದೆ, ಮೇಲಾಗಿ ಅದಕ್ಕೊಂದು ಅಳತೆ ಇದೆ. ದೊಡ್ಡವರಿಗೆ ಹಾಕುವ ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ. ಪೊಟ್ಟಣದ ಮೇಲೆ ಬರೆದಿರುತ್ತದೆ. ಮಕ್ಕಳ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿ.ಲೀ., ಅದು ಇಲ್ಲಿಗೆ ತೀರ ನಿಧಾನ.

ನಿಮಿಷಕ್ಕೆ 60 ಹನಿ ಎಂದರೆ 3 ಮಿ.ಲೀ. ಪೆರಾಕ್ಸೈಡ್, 75 ಮಿ.ಲೀ. ಅನಿಲ. 250 ಮಿ.ಲೀ. ಜಾಡಿ ಸುಮಾರು ಮೂರೂಕಾಲು ನಿಮಿಷದಲ್ಲಿ ತುಂಬುತ್ತದೆ. ತರಗತಿಗೆ ಇದೇ ಸರಿಯಾದ ವೇಗ. 80 ಹನಿಯ ಮೇಲೆ ಹೋಗಬೇಡಿ.

ಜೋಡಣೆ

ಸಲೈನ್ ಬಾಟಲಿಯನ್ನು ತಲೆಕೆಳಗು ಮಾಡಿ ಅದರ ತಳವನ್ನು ಕತ್ತರಿಸಿ ತೆಗೆಯಿರಿ. ಈಗ ಅದು ಮೇಲೆ ತೆರೆದ ಪಾತ್ರೆ. ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು ಸ್ಟ್ಯಾಂಡಿಗೆ ತೂಗುಹಾಕಿ, ದೂಳು ಬೀಳದಂತೆ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಸುಮ್ಮನೆ ಇಡಿ, ಬಿಗಿಯಬೇಡಿ. ತೆರೆದಿರುವುದರಿಂದ ಎರಡು ಲಾಭ: ದ್ರಾವಣ ಇಳಿದಂತೆ ಗಾಳಿ ಒಳಬರಲು ಬೇರೆ ಸೂಜಿ ಚುಚ್ಚಬೇಕಾಗಿಲ್ಲ. ಎಲ್ಲಾದರೂ ಕ್ರಿಯಾವರ್ಧಕದ ಕಣ ಮೇಲಿನ ಪಾತ್ರೆ ಸೇರಿದರೂ ಅಲ್ಲಿ ಒತ್ತಡ ಕಟ್ಟಿಕೊಳ್ಳುವುದಿಲ್ಲ.

ಡ್ರಿಪ್ ಸೆಟ್ಟಿನ ಚೂಪು ತುದಿಯನ್ನು ಬಾಟಲಿಯ ರಬ್ಬರಿಗೆ ಚುಚ್ಚಿ. ಕೊಳವೆ ಒಂದೂವರೆ ಮೀಟರಿನಷ್ಟು ಉದ್ದ ಇರುತ್ತದೆ. ಕ್ಲಾಂಪ್ ಉಳಿಯುವಂತೆ ನೋಡಿ ಅದನ್ನು 70 ಸೆಂ.ಮೀ.ಗೆ ಕತ್ತರಿಸಿ. ಉದ್ದ ಬಿಟ್ಟರೆ ಕೆಳಗೆ ಸುರುಳಿಯಾಗಿ ಜೋತು, ಆ ಸುರುಳಿಯ ಮೇಲ್ಭಾಗದಲ್ಲಿ ಗುಳ್ಳೆ ಕೂತು ಹರಿವು ನಿಲ್ಲುತ್ತದೆ. ಹನಿಕೋಶ ಫ್ಲಾಸ್ಕಿನ ಬಿರಡೆಗಿಂತ 60 ಸೆಂ.ಮೀ. ಎತ್ತರದಲ್ಲಿರಬೇಕು. ಫ್ಲಾಸ್ಕಿನೊಳಗಿನ ಅನಿಲದ ಒತ್ತಡವನ್ನು ಮೀರಿ ದ್ರಾವಣ ಇಳಿಯಬೇಕಾದರೆ ಈ ಎತ್ತರ ಬೇಕು.

ಫ್ಲಾಸ್ಕಿನ ಬಿರಡೆಯ ಒಂದು ತೂತು 4 ಮಿ.ಮೀ., ಇನ್ನೊಂದು 6 ಮಿ.ಮೀ. ಡ್ರಿಪ್ ಕೊಳವೆಯನ್ನು ನೀರಿನಲ್ಲಿ ಒದ್ದೆ ಮಾಡಿ ಚಿಕ್ಕ ತೂತಿನಲ್ಲಿ ತೂರಿಸಿ. ಅದರ ತುದಿ ಫ್ಲಾಸ್ಕಿನ ನೀರಿಗೆ ಮುಟ್ಟಬಾರದು. ಕೊನೆಯಲ್ಲಿ ನೀರು ಏರುವ ಮಟ್ಟಕ್ಕಿಂತಲೂ 2 ಸೆಂ.ಮೀ. ಮೇಲಿರಲಿ. ಆಲಿಕೆಯ ಕಾಲನ್ನು ದ್ರವದಲ್ಲಿ ಮುಳುಗಿಸುವ ಅಭ್ಯಾಸ ಇರುವವರಿಗೆ ಇದು ತಪ್ಪೆನಿಸುತ್ತದೆ. ಇಲ್ಲಿ ಮುಳುಗಿಸಿದರೆ ಕಪ್ಪು ಕಣ ಕೊಳವೆಯ ಬಾಯಿಗೆ ಅಂಟಿ, ಒಳಗಿನ ಪೆರಾಕ್ಸೈಡ್ ಅಲ್ಲೇ ಒಡೆದು, ಗುಳ್ಳೆಗಳು ಕೊಳವೆಯೊಳಗೆ ಮೇಲೇರತೊಡಗುತ್ತವೆ. ದೊಡ್ಡ ತೂತಿಗೆ ಬಾಗಿಸಿದ ಗಾಜಿನ ಕೊಳವೆ, ಅದರ ಕೆಳತುದಿ ಬಿರಡೆಯ ಅಡಿಯಿಂದ ಒಂದೇ ಸೆಂ.ಮೀ. ಹೊರಗಿದ್ದರೆ ಸಾಕು. ಗಾಜು ತೂರಿಸುವಾಗ ತುದಿಯನ್ನು ಜ್ವಾಲೆಯಲ್ಲಿ ನುಣುಪು ಮಾಡಿರಬೇಕು, ಬಟ್ಟೆ ಸುತ್ತಿ ಬಿರಡೆಯ ಹತ್ತಿರವೇ ಹಿಡಿದು ತಿರುಗಿಸುತ್ತಾ ತಳ್ಳಬೇಕು. ಜಾರಲೆಂದು ವ್ಯಾಸಲೀನ್, ಎಣ್ಣೆ, ಗ್ರೀಸು ಹಚ್ಚಬೇಡಿ. ಆಮ್ಲಜನಕ ಹರಿಯುವ ದಾರಿಯಲ್ಲಿ ಜಿಡ್ಡು ಇರಬಾರದು. ನೀರೊಂದೇ ಸಾಕು.

ತೊಳೆಯುವ ಬಾಟಲಿಗೆ 40 ಮಿ.ಲೀ. ನೀರು ಹಾಕಿ. ಅದರ ಮೂರು ಕೊಳವೆಗಳಲ್ಲಿ ಮೊದಲನೆಯದು ಫ್ಲಾಸ್ಕಿನಿಂದ ಬರುವುದು, ನೀರಿನಲ್ಲಿ 1 ಸೆಂ.ಮೀ. ಮುಳುಗಿರಬೇಕು. ಎರಡನೆಯದು ಜಾಡಿಯ ಕಡೆ ಹೋಗುವುದು, ಬಿರಡೆಯ ಅಡಿಗೇ ನಿಲ್ಲಬೇಕು. ಮೂರನೆಯದು ನೀರಿನಲ್ಲಿ 3 ಸೆಂ.ಮೀ. ಮುಳುಗಿ, ಮೇಲೆ 40 ಸೆಂ.ಮೀ. ನೆಟ್ಟಗೆ ನಿಂತು, ತುದಿ ಗಾಳಿಗೆ ತೆರೆದಿರುವ ಕೊಳವೆ. ಮೊದಲ ಕೊಳವೆಯ ಗುಳ್ಳೆಗಳು ಅನಿಲದ ವೇಗ ತೋರಿಸುತ್ತವೆ, ಜೊತೆಗೆ ಬಂದ ಕಪ್ಪು ತುಂತುರು ನೀರಿನಲ್ಲಿ ಉಳಿಯುತ್ತದೆ.

ಆ ಮೂರನೆಯ ಕೊಳವೆಯನ್ನು ಖರ್ಚು ಉಳಿಸಲೆಂದು ಬಿಡಬೇಡಿ. ಮಾಮೂಲಿಯಾಗಿ ಅದರಲ್ಲಿ ನೀರು ಸುಮಾರು 10 ಸೆಂ.ಮೀ. ಏರಿ ನಿಂತಿರುತ್ತದೆ, ಟಬ್ಬಿನ ನೀರಿನಲ್ಲಿ ಅನಿಲದ ಕೊಳವೆ ಎಷ್ಟು ಆಳ ಮುಳುಗಿದೆಯೋ ಅಷ್ಟು. ಜಾಡಿಯ ಕಡೆಯ ಕೊಳವೆ ಮಡಚಿಕೊಂಡರೆ ನೀರು 40 ಸೆಂ.ಮೀ. ವರೆಗೆ ಏರಿ ಮೇಲಿನಿಂದ ಚೆಲ್ಲುತ್ತದೆ, ಅನಿಲ ಹೊರಗೆ ಹೋಗುತ್ತದೆ. ಯಾವುದೂ ಸಿಡಿಯುವುದಿಲ್ಲ. ಫ್ಲಾಸ್ಕ್ ತಣ್ಣಗಾಗಿ ಒಳಗಿನ ಒತ್ತಡ ಇಳಿದರೆ ಅದೇ ಕೊಳವೆಯಿಂದ ಗಾಳಿ ಒಳಬರುತ್ತದೆ, ಟಬ್ಬಿನ ನೀರು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಸೋರಿಕೆ ಪರೀಕ್ಷೆ

ಫ್ಲಾಸ್ಕಿನಲ್ಲಿ 100 ಮಿ.ಲೀ. ನೀರು ಹಾಕಿ, ಬಿರಡೆ ಒತ್ತಿ, ಡ್ರಿಪ್ಪಿನ ಕ್ಲಾಂಪ್ ಮುಚ್ಚಿ. ಜಾಡಿಯ ಕಡೆ ಹೋಗುವ ಹೊರಕೊಳವೆಯ ತುದಿಗೆ 10 ಮಿ.ಲೀ. ಸಿರಿಂಜ್ ಸಿಕ್ಕಿಸಿ ಮೆಲ್ಲಗೆ ಗಾಳಿ ತಳ್ಳಿ. ಆರೇಳು ಮಿ.ಲೀ. ಒಳಹೋಗುವಷ್ಟರಲ್ಲಿ ಎತ್ತರದ ಕೊಳವೆಯಲ್ಲಿ ನೀರು 20 ಸೆಂ.ಮೀ. ಹತ್ತಿರ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಸಿರಿಂಜ್ ಹಾಗೇ ಹಿಡಿದುಕೊಂಡು ಒಂದು ನಿಮಿಷ ನೋಡಿ. ಮಟ್ಟ ಇಳಿಯುತ್ತಿದ್ದರೆ ಬಿರಡೆಯ ಅಂಚಿಗೆ, ಕೊಳವೆಗಳ ಬುಡಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲೇಳುತ್ತದೆಂದು ಹುಡುಕಿ. ಸಾಮಾನ್ಯವಾಗಿ ಡ್ರಿಪ್ ಕೊಳವೆ ಹಾದುಹೋಗುವ ತೂತೇ ಕಳ್ಳ. ಈ ಹೊತ್ತಿನಲ್ಲಿ ಫ್ಲಾಸ್ಕನ್ನು ಕೈಯಲ್ಲಿ ಹಿಡಿಯಬೇಡಿ. ಒಳಗಿನ ಗಾಳಿ ಒಂದು ಡಿಗ್ರಿ ಬೆಚ್ಚಗಾದರೂ ನೀರಿನ ಕಂಬ 3 ಸೆಂ.ಮೀ. ಏರುತ್ತದೆ, ಸೋರಿಕೆ ಇದ್ದರೂ ಮುಚ್ಚಿಹೋಗುತ್ತದೆ.

ದ್ರಾವಣದ ಬಲ

ಬಾಟಲಿಯ ಮೇಲೆ 6 ಶೇಕಡಾ ಎಂದಿದ್ದರೂ ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಸರಕು ಸೊರಗಿರುತ್ತದೆ. ಪರೀಕ್ಷೆ ಸುಲಭ. ಫ್ಲಾಸ್ಕಿನಲ್ಲಿ ಕಪ್ಪು ಪುಡಿ, ನೀರು ಹಾಕಿ, ಒಂದು ಪುಟ್ಟ ಸೀಸೆಯಲ್ಲಿ ಸರಿಯಾಗಿ 5 ಮಿ.ಲೀ. ಪೆರಾಕ್ಸೈಡ್ ತುಂಬಿ, ಅದನ್ನು ಚೆಲ್ಲದಂತೆ ಫ್ಲಾಸ್ಕಿನೊಳಗೆ ನಿಲ್ಲಿಸಿ, ಬಿರಡೆ ಹಾಕಿ ಆಮೇಲೆ ಓರೆ ಮಾಡಿ ಬೀಳಿಸಿ. ಹೊರಬಂದ ಅನಿಲವನ್ನು 250 ಮಿ.ಲೀ. ಅಳತೆ ಸಿಲಿಂಡರಿನಲ್ಲಿ ನೀರಿನ ಮೇಲೆ ಹಿಡಿಯಿರಿ. ಇಲ್ಲಿ ಮೊದಲು ಬರುವುದು ಫ್ಲಾಸ್ಕಿನ ಗಾಳಿಯೇ ಆದರೂ ಪರವಾಗಿಲ್ಲ, ನಮಗೆ ಬೇಕಾದ್ದು ಗಾತ್ರ ಮಾತ್ರ. ಫ್ಲಾಸ್ಕ್ ಕೋಣೆಯ ಉಷ್ಣತೆಗೆ ಮರಳುವವರೆಗೆ ಕಾದು, ಸಿಲಿಂಡರಿನ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸರಿಮಾಡಿಕೊಂಡು ಓದಿ. 125 ಮಿ.ಲೀ. ಬಂದರೆ ದ್ರಾವಣ ಗಟ್ಟಿ. 100 ಮಾತ್ರ ಬಂದರೆ ಬಲ 4.8 ಶೇಕಡಾಕ್ಕೆ ಇಳಿದಿದೆ. ಅದನ್ನೂ ಬಳಸಬಹುದು, ಹನಿಯ ಲೆಕ್ಕ ಬದಲಿಸಿಕೊಳ್ಳಬೇಕಷ್ಟೆ.

ನಡೆಸುವುದು

ಫ್ಲಾಸ್ಕಿಗೆ 100 ಮಿ.ಲೀ. ನೀರು, 2 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್. ಪುಡಿಯನ್ನು ಒಣದಾಗಿ ಗಾಳಿಗೆ ಹಾರಿಸಬೇಡಿ, ಮೊದಲು ಬೀಕರಿನಲ್ಲಿ ನೀರಿಗೆ ಕಲಸಿ ಸುರಿಯಿರಿ. ಆ ದೂಳು ಉಸಿರಿಗೆ ಒಳ್ಳೆಯದಲ್ಲ. ಈ 100 ಮಿ.ಲೀ. ನೀರಿಗೆ ಇನ್ನೊಂದು ಕೆಲಸವೂ ಇದೆ, ಶಾಖ ಹೀರುವುದು. 100 ಮಿ.ಲೀ. ಪೆರಾಕ್ಸೈಡ್ ಪೂರ್ತಿ ಇಳಿದಾಗ ಫ್ಲಾಸ್ಕ್ ಹೆಚ್ಚೆಂದರೆ 20 ಡಿಗ್ರಿ ಬಿಸಿಯಾಗಿರುತ್ತದೆ. ಹೊರಗೆ ಹೋಗುವ ಶಾಖವನ್ನು ಕಳೆದರೆ ಅದಕ್ಕಿಂತಲೂ ಕಡಿಮೆ.

ಕ್ಲಾಂಪ್ ತೆರೆದು ನಿಮಿಷಕ್ಕೆ 60 ಹನಿಗೆ ಹೊಂದಿಸಿ. ಮೊದಲ ಒಂದೆರಡು ನಿಮಿಷ ತೊಳೆಯುವ ಬಾಟಲಿಯಲ್ಲಿ ಗುಳ್ಳೆ ವಿರಳವಾಗಿರುತ್ತದೆ. ಬಿದ್ದ ಹನಿ ಅಷ್ಟು ನೀರಿನಲ್ಲಿ ತೆಳುವಾಗಿಬಿಡುತ್ತದೆ, ತೆಳುವಾದಷ್ಟೂ ಒಡೆಯುವ ವೇಗ ಕಡಿಮೆ. ಫ್ಲಾಸ್ಕಿನೊಳಗೆ ಪೆರಾಕ್ಸೈಡ್ ಸ್ವಲ್ಪ ಸೇರಿ, ಬೀಳುವ ವೇಗಕ್ಕೂ ಒಡೆಯುವ ವೇಗಕ್ಕೂ ಸಮ ಆದ ಮೇಲೆ ಗುಳ್ಳೆ ಒಂದೇ ಲಯಕ್ಕೆ ಬರುತ್ತದೆ. ಈ ಜೋಡಣೆಯಲ್ಲಿ ನಡೆಯುವ ಗಡಿಬಿಡಿಯಲ್ಲಿ ಬಹುಪಾಲು ಇಲ್ಲಿಯೇ. ಅನಿಲ ಬರುತ್ತಿಲ್ಲ ಎಂದು ಕ್ಲಾಂಪ್ ಪೂರ್ತಿ ತೆರೆಯುತ್ತಾರೆ, ಮೂರು ನಿಮಿಷದ ಮೇಲೆ ಸೇರಿದ್ದೆಲ್ಲ ಒಟ್ಟಿಗೆ ಒಡೆದು ಎತ್ತರದ ಕೊಳವೆ ಚೆಲ್ಲುತ್ತದೆ. ಕಾಯುವ ಬದಲು ಫ್ಲಾಸ್ಕನ್ನು ಮೆಲ್ಲಗೆ ಗಿರ್ರನೆ ಆಡಿಸಿ. ಪುಡಿ ತಳ ಹಿಡಿದಿದ್ದರೆ ಮೇಲಿನ ನೀರಿಗೆ ಕ್ರಿಯಾವರ್ಧಕ ಸಿಗದೆ ಇದೇ ಪರಿಸ್ಥಿತಿ ಹುಟ್ಟುತ್ತದೆ. ಮ್ಯಾಗ್ನೆಟಿಕ್ ಸ್ಟಿರರ್ ಇದ್ದರೆ ಬಳಸಿ, ಇಲ್ಲವಾದರೆ ಎರಡು ನಿಮಿಷಕ್ಕೊಮ್ಮೆ ಆಡಿಸಿದರೆ ಸಾಕು.

ಮೊದಲು ಬಂದ 750 ಮಿ.ಲೀ. ಅನಿಲವನ್ನು ಬಿಟ್ಟುಬಿಡಿ. ಫ್ಲಾಸ್ಕು, ತೊಳೆಯುವ ಬಾಟಲಿ ಸೇರಿ ಒಳಗೆ ಸುಮಾರು 260 ಮಿ.ಲೀ. ಗಾಳಿ ಇರುತ್ತದೆ, ಆಮ್ಲಜನಕ ಅದನ್ನು ಒಂದೇ ಸಲ ತಳ್ಳಿಹಾಕುವುದಿಲ್ಲ, ಅದರೊಡನೆ ಬೆರೆಯುತ್ತಾ ಹೊರಗೊಯ್ಯುತ್ತದೆ. ಒಂದು ಪಟ್ಟು ಬಿಟ್ಟರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಳೆಯ ಗಾಳಿ ಇನ್ನೂ ಒಳಗೇ ಉಳಿದಿರುತ್ತದೆ. ಮೂರು ಪಟ್ಟು ಬಿಟ್ಟರೆ ಇಪ್ಪತ್ತರಲ್ಲಿ ಒಂದು ಪಾಲು. ಹತ್ತು ನಿಮಿಷ, 30 ಮಿ.ಲೀ. ಪೆರಾಕ್ಸೈಡ್ ಇದಕ್ಕೆ ಹೋಗುತ್ತದೆ. ಅದು ಅಗತ್ಯದ ಖರ್ಚು. ಮುಂದಿನ 70 ಮಿ.ಲೀ.ನಿಂದ ಒಂದು ಮುಕ್ಕಾಲು ಲೀಟರ್ ಸಿಗುತ್ತದೆ.

ಜಾಡಿಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಕವುಚಿ. ತುಂಬಿದ ಮೇಲೆ ನೀರಿನೊಳಗೇ ಗಾಜಿನ ಬಿಲ್ಲೆ ಮುಚ್ಚಿ ತೆಗೆದು, ಬಾಯಿ ಮೇಲಾಗಿ ಇಡಿ. ಆಮ್ಲಜನಕ ಗಾಳಿಗಿಂತ ಸ್ವಲ್ಪ ಭಾರ, ಬಿಲ್ಲೆ ಸರಿಸಿದ ಕೂಡಲೇ ಹಾರಿಹೋಗುವುದಿಲ್ಲ.

ಕ್ಲಾಂಪ್ ಇಟ್ಟಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ. ಅದುಮಿದ ಪ್ಲಾಸ್ಟಿಕ್ ನಿಧಾನಕ್ಕೆ ರೂಪ ಬದಲಿಸುತ್ತದೆ, ಮೇಲಿನ ಪಾತ್ರೆಯಲ್ಲಿ ಮಟ್ಟವೂ ಇಳಿಯುತ್ತದೆ. ಐದು ನಿಮಿಷಕ್ಕೊಮ್ಮೆ ಹನಿ ಎಣಿಸಿ.

ಹನಿಕೋಶವನ್ನೇ ಒತ್ತಡದ ಸೂಚಕವಾಗಿ ಓದಬಹುದು. ಕೋಶದಲ್ಲಿ ದ್ರಾವಣದ ಮಟ್ಟ ತಾನಾಗಿ ಏರತೊಡಗಿದರೆ, ಅಥವಾ ಕೊಳವೆಯೊಳಗೆ ಗುಳ್ಳೆ ಮೇಲಕ್ಕೆ ಬಂದರೆ, ಕೆಳಗೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ಮೊದಲು ಕ್ಲಾಂಪ್ ಮುಚ್ಚಿ, ಆಮೇಲೆ ಕೊಳವೆ ಮಡಚಿದೆಯೇ ನೋಡಿ. ಅನಿಲ ನಿಲ್ಲಿಸಲು ಹೊರಕೊಳವೆಯನ್ನು ಎಂದೂ ಮುಚ್ಚಬೇಡಿ. ನಿಲ್ಲಿಸುವ ಜಾಗ ಒಂದೇ, ಪೆರಾಕ್ಸೈಡಿನ ಕ್ಲಾಂಪ್. ಮುಗಿಸುವಾಗಲೂ ಮೊದಲು ಅದನ್ನು ಮುಚ್ಚಿ, ಹೊರಕೊಳವೆಯನ್ನು ನೀರಿನಿಂದ ಎತ್ತಿ, ಆಮೇಲೆ ಬಿರಡೆ ತೆಗೆಯಿರಿ.

ಪರೀಕ್ಷೆ ಮತ್ತು ಉರಿಸುವ ಪ್ರಯೋಗ

ಕೆಂಡದ ತುದಿಯ ಬಿದಿರು ಕಡ್ಡಿ ಜಾಡಿಯೊಳಗೆ ಇಳಿಸಿದರೆ ಫಕ್ಕನೆ ಹೊತ್ತಿಕೊಳ್ಳಬೇಕು. ಆದರೆ ಇಷ್ಟರಿಂದ ಶುದ್ಧತೆ ತೀರ್ಮಾನಿಸಬೇಡಿ. ಗಾಳಿಯ 21 ಶೇಕಡಾವನ್ನು ಸಾಕಷ್ಟು ಮೀರಿದ ಮಿಶ್ರಣದಲ್ಲೂ ಕಡ್ಡಿ ಹೊತ್ತುತ್ತದೆ. ಬಿಟ್ಟುಬಿಡಬೇಕಾದ ಮೊದಲ ಜಾಡಿಯನ್ನೂ ಮೂರನೆಯ ಜಾಡಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಎರಡರಲ್ಲೂ ಕಡ್ಡಿ ಹೊತ್ತಬಹುದು, ಆದರೆ ಮೂರನೆಯದರ ಜ್ವಾಲೆಯ ಬೆಳ್ಳನೆಯ ಹೊಳಪೇ ಬೇರೆ.

ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಸುಡುವುದಾದರೆ ಜಾಡಿಯ ತಳದಲ್ಲಿ 2 ಸೆಂ.ಮೀ. ನೀರು ಉಳಿಸಿಕೊಳ್ಳಿ ಅಥವಾ ಮರಳು ಹಾಕಿ. ಬೀಳುವ ಕಾದ ಆಕ್ಸೈಡಿನ ಮುತ್ತು ಬರಿಯ ಗಾಜನ್ನು ಸೀಳುತ್ತದೆ. ಸೋಪು ಕೂಡಿಸಿದ ನಾರು ಬೇಡ. ಗಂಧಕ ಸುಡುವುದಿದ್ದರೆ ಹೊಗೆ ಹೊರಹೋಗುವ ಗೂಡಿನಲ್ಲಿ ಮಾತ್ರ. ತುಂಬಿದ ಜಾಡಿಯನ್ನು ಬಟ್ಟೆಯ ಮೇಲೆ ಬಗ್ಗಿಸಿಕೊಂಡು ಮೂಸುವುದು, ಪ್ಲಾಸ್ಟಿಕ್ ಚೀಲಕ್ಕೆ ಹಿಡಿದಿಡುವುದು ಬೇಡ. ಆಮ್ಲಜನಕ ಹೀರಿದ ಹತ್ತಿ ಬಟ್ಟೆಗೆ ಒಂದು ಕಿಡಿ ಸಾಕು.

ಕ್ರಿಯಾವರ್ಧಕದ ಬಗೆಗಳು

ಹೈಡ್ರೋಜನ್ ಪೆರಾಕ್ಸೈಡನ್ನು 1818ರಲ್ಲಿ ಮೊದಲು ತಯಾರಿಸಿದ ಫ್ರಾನ್ಸಿನ ತೆನಾರ್ ಆಗಲೇ ಗಮನಿಸಿದ್ದ: ಹಲವು ಲೋಹಗಳೂ ಆಕ್ಸೈಡುಗಳೂ ತಾವು ಬದಲಾಗದೆ ಇದನ್ನು ಒಡೆಯುತ್ತವೆ. ವಿದ್ಯಾರ್ಥಿಗಳು ಇದನ್ನು ತೂಕದಲ್ಲೇ ನೋಡಬಹುದು. ಪ್ರಯೋಗದ ನಂತರ ಸೋಸಿ, ತೊಳೆದು, ಒಲೆಯಲ್ಲಿ ಒಣಗಿಸಿ ತೂಗಿದರೆ 2 ಗ್ರಾಂ ಪುಡಿ ಹೆಚ್ಚುಕಡಿಮೆ 2 ಗ್ರಾಂ ಆಗಿಯೇ ಸಿಗುತ್ತದೆ, ಕಳೆಯುವುದು ಸೋಸುವ ಕಾಗದಕ್ಕೆ ಅಂಟಿದಷ್ಟು.

ಆದರೆ ದ್ರಾವಣದಲ್ಲಿ ಆಮ್ಲ ಇದ್ದರೆ ಈ ಮಾತು ಸುಳ್ಳಾಗುತ್ತದೆ. ಆಗ ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡಿನೊಡನೆ ವರ್ತಿಸಿ ಕರಗಿಹೋಗುತ್ತದೆ, ಕಪ್ಪು ನೀರು ಕಣ್ಣೆದುರೇ ತಿಳಿಯಾಗುತ್ತದೆ, ಕ್ರಿಯೆ ನಿಧಾನವಾಗಿ ನಿಲ್ಲುತ್ತದೆ. ಫ್ಲಾಸ್ಕನ್ನು ಆಮ್ಲದಲ್ಲಿ ತೊಳೆದು ಸರಿಯಾಗಿ ಜಾಲಾಡದಿದ್ದಾಗ ಆಗುವುದು ಇದೇ. ಬಾಟಲಿಯ ಪೆರಾಕ್ಸೈಡ್ ತುಸು ಆಮ್ಲೀಯವಾಗಿಯೇ ಇರುತ್ತದೆ, ಹಾಳಾಗದಿರಲೆಂದು ಹಾಗೆ ಇಟ್ಟಿರುತ್ತಾರೆ, ಆದರೆ ಅಷ್ಟರಿಂದ 2 ಗ್ರಾಂ ಪುಡಿಗೆ ಏನೂ ಆಗುವುದಿಲ್ಲ.

ಅದಿರಿನ ಹರಳು ನಮ್ಮ ಮೊದಲ ಆಯ್ಕೆ. ಮ್ಯಾಂಗನೀಸ್ ಅದಿರನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಜರಡಿ ಹಿಡಿದು 3-4 ಮಿ.ಮೀ. ಹರಳುಗಳನ್ನು ಆರಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. 30 ಗ್ರಾಂ ಬೇಕಾಗುತ್ತದೆ, ಯಾಕೆಂದರೆ ಹರಳಿನ ಹೊರಮೈ ಮಾತ್ರ ಕೆಲಸ ಮಾಡುವುದು. ಹತ್ತಿರದಿಂದ ನೋಡಿದರೆ ಗುಳ್ಳೆಗಳು ಹರಳಿನ ಬಿರುಕುಗಳಿಂದ ದಾರದಂತೆ ಸಾಲಾಗಿ ಏಳುತ್ತವೆ, ನಯವಾದ ಮುಖಗಳ ಮೇಲೆ ಅಷ್ಟಾಗಿ ಇರುವುದಿಲ್ಲ. ಕ್ರಿಯೆ ಮೇಲ್ಮೈಯಲ್ಲಿ ನಡೆಯುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾರಿ ಇಲ್ಲ, ಕಪ್ಪು ಕೆಸರಿನಲ್ಲಿ ಇದು ಕಾಣುವುದೇ ಇಲ್ಲ. ತುಂತುರು ಕಡಿಮೆ, ಸೋಸುವ ಕೆಲಸವಿಲ್ಲ, ನೀರು ಬಸಿದು ಹರಳು ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಆಯಿತು. ಎಲ್ಲ ಅದಿರೂ ಒಂದೇ ಚುರುಕಿನದಲ್ಲ, ಹಾಗಾಗಿ ಮೊದಲು ಬೀಕರಿನಲ್ಲಿ ಎರಡು ಹರಳಿಗೆ ಪೆರಾಕ್ಸೈಡ್ ಬಿಟ್ಟು ನೋಡಿ.

ಯೀಸ್ಟ್ ಅಡುಗೆಮನೆಯಲ್ಲೇ ಸಿಗುವ ದಾರಿ. ಅದರಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಬಲು ಬೇಗ ಒಡೆಯುತ್ತದೆ. 2 ಗ್ರಾಂ ಒಣ ಯೀಸ್ಟನ್ನು 50 ಮಿ.ಲೀ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಳಸಿ. ಸಕ್ಕರೆ ಹಾಕಬೇಡಿ, ಹುದುಗಿ ಇಂಗಾಲದ ಡೈಆಕ್ಸೈಡ್ ಬೆರೆಯುತ್ತದೆ. ತೊಂದರೆ ನೊರೆಯದು. ಪ್ರೋಟೀನಿನಿಂದಾಗಿ ನೊರೆ ಉಕ್ಕಿ ಕೊಳವೆಗೆ ನುಗ್ಗುತ್ತದೆ, ಹಾಗಾಗಿ 500 ಮಿ.ಲೀ. ಫ್ಲಾಸ್ಕ್ ಬೇಕು, ಪೆರಾಕ್ಸೈಡನ್ನು 3 ಶೇಕಡಾಕ್ಕೆ ಇಳಿಸಬೇಕು. ಬಿಸಿ ಹೆಚ್ಚಾದರೆ ಕಿಣ್ವ ಸತ್ತು ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ತಣ್ಣಗೆ ಮಾಡಿದರೂ ಜೀವ ಬರುವುದಿಲ್ಲ.

ಪೊಟ್ಯಾಸಿಯಂ ಅಯೊಡೈಡ್ ವೇಗವಾಗಿ ಕೆಲಸ ಮಾಡುತ್ತದೆ, ಆದರೆ ನೀರಿನಲ್ಲಿ ಕರಗುವುದರಿಂದ ಮರಳಿ ಪಡೆಯುವುದು ಕಷ್ಟ, ಅಯೊಡಿನ್ನಿನ ಹಳದಿ ಬಣ್ಣವೂ ಬರುತ್ತದೆ. ಅನಿಲ ಹಿಡಿಯಲು ಬೇಡ.

ಬಟ್ಟೆ ಬಿಳುಪಿನ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ಇನ್ನೊಂದು ಮೂಲ. ಶುದ್ಧ ಪುಡಿ 10 ಗ್ರಾಂ ಇದ್ದರೆ ಸುಮಾರು 1.3 ಲೀಟರ್ ಆಮ್ಲಜನಕ ಸಿಗುತ್ತದೆ. 100 ಮಿ.ಲೀ. ನೀರಿನಲ್ಲಿ 10 ಗ್ರಾಂ ಕರಗಿಸಿ ಇದೇ ಡ್ರಿಪ್ಪಿನಲ್ಲಿ ಬಿಡಬಹುದು. ಆದರೆ ದ್ರಾವಣ ಕ್ಷಾರೀಯ, ಕರಗಿದ ಹೊತ್ತಿನಿಂದಲೇ ತಾನಾಗಿ ಒಡೆಯತೊಡಗುತ್ತದೆ. ಕೊಳವೆಯ ಗೋಡೆಗೆ ಸಣ್ಣ ಗುಳ್ಳೆಗಳು ಕೂತು ಹನಿಯ ಲೆಕ್ಕ ಕೆಡಿಸುತ್ತವೆ. ಕರಗಿಸಿದ ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ.

ಹಳೆಯ ಪಠ್ಯಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸುವ ವಿಧಾನವನ್ನು ಮತ್ತೆ ಎತ್ತಿಕೊಳ್ಳಬೇಡಿ. ಕರಗಿದ ಕ್ಲೋರೇಟಿಗೆ ಇಂಗಾಲದ ಪುಡಿ, ರಬ್ಬರಿನ ಚೂರು, ಕಾಗದದ ನಾರು ಯಾವುದು ಬಿದ್ದರೂ ಸ್ಫೋಟವಾಗಬಹುದು. ಟಾರ್ಚ್ ಸೆಲ್ಲಿನ ಕಪ್ಪು ಪುಡಿಯನ್ನು ಅದಕ್ಕೆ ಬೆರೆಸುವುದಂತೂ ಪ್ರಾಣಾಪಾಯ.

ಉಸಿರಾಟಕ್ಕೆ ಅಲ್ಲ

2021ರ ಕೋವಿಡ್ ಎರಡನೇ ಅಲೆಯ ಆಮ್ಲಜನಕದ ಹಾಹಾಕಾರ ನೋಡಿದವರು ಈ ಜೋಡಣೆ ಕಂಡಾಗ, ಇದನ್ನು ರೋಗಿಯ ಉಸಿರಾಟಕ್ಕೆ ಬಳಸಬಹುದೇ ಎಂದು ಕೇಳುತ್ತಾರೆ. ಉತ್ತರ ಲೆಕ್ಕದಲ್ಲಿದೆ. ರೋಗಿಗೆ ನಿಮಿಷಕ್ಕೆ 2 ಲೀಟರ್ ಎಂದರೆ ಗಂಟೆಗೆ 120 ಲೀಟರ್. ಒಂದು ಮಿ.ಲೀ. ದ್ರಾವಣಕ್ಕೆ 25 ಮಿ.ಲೀ.ನಂತೆ 4.8 ಲೀಟರ್ ಪೆರಾಕ್ಸೈಡ್ ಬೇಕು, ಅಂದರೆ ಗಂಟೆಗೆ 48 ಬಾಟಲಿ. ಜೊತೆಗೆ ಅಷ್ಟು ಶಾಖ, ಪೆರಾಕ್ಸೈಡಿನ ತುಂತುರು, ಮ್ಯಾಂಗನೀಸಿನ ಕಣ. ಉಸಿರಿನ ತೊಂದರೆ ಇರುವವರನ್ನು ಇಂಥದ್ದಕ್ಕೆ ಒಡ್ಡದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ತೊಳೆದಿಡುವುದು

ಮೇಲಿನ ಪಾತ್ರೆಯಲ್ಲಿ ಉಳಿದ ಪೆರಾಕ್ಸೈಡನ್ನು ಮೂಲ ಬಾಟಲಿಗೆ ಮರಳಿ ಸುರಿಯಬೇಡಿ. ಒಂದೆರಡು ದೂಳಿನ ಕಣ ಸೇರಿದರೂ ಮುಚ್ಚಿದ ಬಾಟಲಿಯೊಳಗೆ ಅನಿಲ ಕಟ್ಟುತ್ತದೆ. ಅದನ್ನು ಫ್ಲಾಸ್ಕಿನ ಕಪ್ಪು ನೀರಿಗೇ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ರಾತ್ರಿಯಿಡೀ ಬಾಯಿ ತೆರೆದು ಬಿಡಿ. ಮಾರನೆಯ ದಿನ ಆಡಿಸಿದರೂ ಗುಳ್ಳೆ ಏಳದಿದ್ದರೆ ಪುಡಿ ಸೋಸಿ, ನೀರು ಚರಂಡಿಗೆ ಬಿಡಬಹುದು. ಡ್ರಿಪ್ ಸೆಟ್ಟಿಗೆ ನೀರು ಹಾಯಿಸಿ, ಕ್ಲಾಂಪನ್ನು ಪೂರ್ತಿ ತೆರೆದ ಸ್ಥಿತಿಯಲ್ಲೇ ಒಣಗಿಸಿ. ಅದುಮಿ ಇಟ್ಟ ಕೊಳವೆ ಅದೇ ಆಕಾರದಲ್ಲಿ ಚಪ್ಪಟೆಯಾಗಿ ಉಳಿದು ಮುಂದಿನ ಸಲ ಹನಿ ಸರಿಯಾಗಿ ಬೀಳುವುದಿಲ್ಲ. ರಬ್ಬರ್ ಬಿರಡೆಯನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ಫ್ಲಾಸ್ಕಿನ ಗೋಡೆಗೆ ಹಿಡಿದ ಕಂದು ಕಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಒಂದು ನಿಂಬೆಹಣ್ಣಿನ ರಸಕ್ಕೆ 10 ಮಿ.ಲೀ. ಪೆರಾಕ್ಸೈಡ್ ಬೆರೆಸಿ ಸುತ್ತಲೂ ಆಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಗಾಜು ಸ್ವಚ್ಛವಾಗುತ್ತದೆ. ಬೆರಳಿಗೆ, ಅಂಗಿಗೆ ಹತ್ತಿದ ಕಲೆಗೆ ನಿಂಬೆರಸದ ಜೊತೆ 3 ಶೇಕಡಾದ ಪೆರಾಕ್ಸೈಡ್ ಸಾಕು, ಆದರೆ ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಮೊದಲು ಹಚ್ಚಿ ನೋಡಿ. ಕಲೆ ಹೋದ ಮೇಲೆ ಫ್ಲಾಸ್ಕನ್ನು ಮೂರು ಸಲ ನೀರಿನಲ್ಲಿ ಜಾಲಾಡಿ. ಆ ಹುಳಿ ಒಳಗೆ ಉಳಿದರೆ ಮುಂದಿನ ಸಲ ಹಾಕಿದ ಕಪ್ಪು ಪುಡಿ ಕರಗತೊಡಗುತ್ತದೆ.